ಅಮ್ಮನ ಅಂಕಗಳನ್ನು ಮರೆತ ಆಟದ ಯಂತ್ರಕ್ಕೆ

ಮಾನ್ಯರೇ,

ಅಂಗೈಯಗಲದ ಮೈ, ಎಂಟು ಗುಂಡಿ ಮತ್ತು ಒಂದು ಪುಟ್ಟ ಪರದೆಯೊಡನೆ ನಮ್ಮ ಊಟದ ಮೇಜಿನ ಮೇಲೆ ಬಿಜಯಂಗೈದಿರುವ ತಮಗೆ ಅನಂತ ವಂದನೆಗಳು. ತಾವು ಕ್ಷೇಮವೆಂದು ತಮ್ಮ ಕೆಂಪು ದೀಪದಿಂದ ತಿಳಿಯುತ್ತಿದೆ. ನನ್ನ ಕ್ಷೇಮದ ಬಗ್ಗೆ ಮಾತ್ರ ಅರಿಕೆ ಮಾಡಿಕೊಳ್ಳುವುದು ಸಾಕಷ್ಟಿದೆ. ಬಹಿರಂಗವಾಗಿಯೇ ಬರೆಯುತ್ತಿದ್ದೇನೆ, ಏಕೆಂದರೆ ನನ್ನ ಮರ್ಯಾದೆಯೂ ಬಹಿರಂಗವಾಗಿಯೇ ಹೋಗಿದೆ.

ಶಿಷ್ಟಾಚಾರಕ್ಕೆ ನನ್ನ ಪರಿಚಯ ಹೇಳುತ್ತೇನೆ. ಅಗ್ಗದ ಎಲೆಕ್ಟ್ರಾನಿಕ್ ಸಾಮಾನುಗಳನ್ನು ಕೊಳ್ಳಬಹುದೋ ಬಾರದೋ ಎಂದು ವಾರಪತ್ರಿಕೆಯೊಂದರಲ್ಲಿ ತೀರ್ಪು ಕೊಡುವವನು ನಾನು. ಡಬ್ಬದ ಮೇಲೆ ಏನೇ ಬರೆದಿರಲಿ, ನಾನೇ ಅಳೆದು ನೋಡದೆ ಒಂದಕ್ಷರ ನಂಬುವ ಜಾಯಮಾನ ನನ್ನದಲ್ಲ. ನೀರು ತಾಗಿದರೂ ಏನೂ ಆಗದು ಎಂದ ಗಡಿಯಾರವನ್ನು ಬಕೆಟ್ಟಿನಲ್ಲಿ ಮುಳುಗಿಸಿದ್ದೇನೆ, ಬಿದ್ದರೂ ಒಡೆಯದು ಎಂದ ಫೋನನ್ನು ಮಹಡಿ ಮೆಟ್ಟಿಲಿನಿಂದ ಉರುಳಿಸಿದ್ದೇನೆ. ಅದು ಹೆಂಡತಿಯ ಫೋನಾಗಿತ್ತು ಎಂಬುದು ಬೇರೆ ಮಾತು. ಇದರ ಫಲವಾಗಿ ಓದುಗರ ಮನೆಗಳಲ್ಲಿ ಒಳ್ಳೆಯ ಸಾಮಾನುಗಳೂ ನನ್ನ ಮನೆಯಲ್ಲಿ ಒಂದೇ ಕಿವಿಗೆ ಕೇಳಿಸುವ ಆರು ಜೊತೆ ಇಯರ್‌ಫೋನುಗಳೂ ಇವೆ.

ತಮ್ಮನ್ನೂ ಪರೀಕ್ಷೆಗೆಂದೇ ತರಿಸಿದ್ದು. ಐನೂರು ಆಟಗಳೆಂದು ಡಬ್ಬ ಸಾರುತ್ತಿತ್ತು. ಒಂದೊಂದಾಗಿ ಆಡಿ ನೋಡಿದರೆ ಏಳೇ ಆಟಗಳು ವೇಷ ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿದ್ದವು. ಕೊಳ್ಳಬೇಡಿ ಎಂದು ಮೊದಲ ಸಾಲು ಬರೆದು ತಮ್ಮನ್ನು ಪಕ್ಕಕ್ಕಿಟ್ಟೆ. ಆಗ ಕೈಗೆತ್ತಿಕೊಂಡವರು ನನ್ನ ಅಮ್ಮ. ಮೂವತ್ತು ವರ್ಷ ಔಷಧಿ ಗೋದಾಮಿನಲ್ಲಿ ಪೆಟ್ಟಿಗೆ ಜೋಡಿಸಿ ನಿವೃತ್ತರಾದ ಅವರು, ಮೇಲಿನಿಂದ ಬೀಳುವ ಇಟ್ಟಿಗೆಗಳನ್ನು ಸಂದಿಲ್ಲದಂತೆ ಕೂರಿಸುವ ಆಟವೊಂದನ್ನು ತಮ್ಮಲ್ಲಿ ಕಂಡದ್ದೇ ತಡ, ಊಟ ತಿಂಡಿ ಮರೆತರು. ಸುದ್ದಿ ತಿಳಿದ ಚಿಕ್ಕಮ್ಮ, ಅಂದರೆ ಅಮ್ಮನ ತಂಗಿ, ತಮ್ಮಂಥದೇ ಮತ್ತೊಂದು ಯಂತ್ರ ತರಿಸಿಕೊಂಡರು. ಓಟ, ಹಾಡು, ಲೆಕ್ಕ, ಯಾವುದರಲ್ಲೂ ಈ ತಂಗಿಯನ್ನು ಅಮ್ಮ ಬಾಲ್ಯದಿಂದ ಒಮ್ಮೆಯೂ ಸೋಲಿಸಿದ್ದಿಲ್ಲ. ಎರಡು ವಾರದ ಬಳಿಕ ಭಾನುವಾರ ಇಬ್ಬರೂ ಅಂಕ ತೋರಿಸಬೇಕೆಂದು ಪಂಥವಾಯಿತು.

ಇಲ್ಲಿ ತಮ್ಮದೊಂದು ಸದ್ಗುಣವನ್ನು ಹೊಗಳಲೇಬೇಕು. ತಮಗೆ ನೆನಪೆಂಬುದೇ ಇಲ್ಲ. ಆಫ್ ಆದೊಡನೆ ಎಲ್ಲ ಸೊನ್ನೆ. ವರ್ಷಗಟ್ಟಲೆ ಕಣ್ಮುಚ್ಚಿ ಕೂತರೂ ನಮಗೆ ಬಾರದ ವೈರಾಗ್ಯ ತಮಗೆ ಒಂದು ಗುಂಡಿಯಿಂದ ಬರುತ್ತದೆ. ಹಾಗಾಗಿ ಅಮ್ಮ ತಮ್ಮನ್ನು ಆಫ್ ಮಾಡುವ ಗೋಜಿಗೇ ಹೋಗದೆ, ಆಟವನ್ನು ಅಲ್ಲಲ್ಲೇ ನಿಲ್ಲಿಸಿ, ಚಾರ್ಜರಿಗೆ ಸಿಕ್ಕಿಸಿಟ್ಟು, ಹನ್ನೊಂದು ದಿನ ಒಂದೇ ಆಟವನ್ನು ಆಡಿದರು.

ಶುಕ್ರವಾರ ಅವರು ಹಲ್ಲು ಕೀಳಿಸಿಕೊಳ್ಳಲು ಹೋಗಿದ್ದಾಗ, ಬ್ಯಾಟರಿಯ ಪರೀಕ್ಷೆ ಬಾಕಿಯಿರುವುದು ನನಗೆ ನೆನಪಾಯಿತು. ತಾವು ಪೂರ್ತಿ ಚಾರ್ಜ್ ಆಗಿ, ಉರಿಯುತ್ತಲೇ ಇದ್ದಿರಿ. ಇಷ್ಟು ಅನುಕೂಲ ಯಾವ ವಿಮರ್ಶಕನಿಗೆ ಸಿಕ್ಕೀತು ಎಂದು ಹಿಗ್ಗಿ ವೈರು ಕಿತ್ತೆ. ಪಂಥದ ವಿಷಯ ಗೊತ್ತಿರಲಿಲ್ಲವೇ ಎಂದು ತಾವು ಕೇಳಬಹುದು. ಗೊತ್ತಿತ್ತು, ಆದರೆ ಸ್ಟಾಪ್‌ವಾಚ್ ಕೈಗೆ ಬಂದರೆ ನನ್ನ ತಲೆಯಲ್ಲಿ ಬೇರೇನೂ ನಿಲ್ಲುವುದಿಲ್ಲ. ಎರಡು ಗಂಟೆ ಹದಿನೇಳು ನಿಮಿಷಕ್ಕೆ ತಾವು ಕಣ್ಣು ಮುಚ್ಚಿದಿರಿ. ಭೇಷ್ ಎಂದು ಬರೆದುಕೊಂಡೆ.

ಅಮ್ಮ ಬಾಯಲ್ಲಿ ಹತ್ತಿ ಕಚ್ಚಿಕೊಂಡು ಬಂದರು. ಕಪ್ಪು ಪರದೆ ನೋಡಿ, ಹತ್ತಿ ಉಗಿದು, "ಎಂಬತ್ತೇಳು ಸಾವಿರ ಇತ್ತಲ್ಲೋ ಪಾಪಿ!" ಎಂದವರು ಮತ್ತೆ ಎರಡು ದಿನ ನನ್ನೊಡನೆ ಮಾತೇ ಆಡಲಿಲ್ಲ. ಜೀವಮಾನಕ್ಕೊಮ್ಮೆ ತಂಗಿಯ ಮುಂದೆ ಗೆಲ್ಲಲಿದ್ದ ಹೆಂಗಸನ್ನು ನಾನು ಸೋಲಿಸಿದ್ದೆ, ಅದೂ ಓದುಗರ ಹಿತಕ್ಕಾಗಿ. ಕಳೆದ ಅಂಕವನ್ನು ನಾನೇ ಗಳಿಸಿಕೊಡುತ್ತೇನೆಂದು ಶನಿವಾರವಿಡೀ ಇಟ್ಟಿಗೆ ಜೋಡಿಸಿ, ಹೆಬ್ಬೆರಳು ಊದಿಸಿಕೊಂಡು, ಸಾವಿರದ ಇನ್ನೂರು ಮುಟ್ಟಿದೆ.

ಭಾನುವಾರ ಚಿಕ್ಕಮ್ಮ ಅರವತ್ತೊಂದು ಸಾವಿರ ತೋರಿಸಿದರು. ತನಗೆ ಎಂಬತ್ತೇಳು ಸಾವಿರ ಬಂದಿತ್ತು, ಬ್ಯಾಟರಿ ಹೋಗಿ ಅಳಿಸಿಹೋಯಿತು ಎಂಬ ಅಮ್ಮನ ಮಾತು ಕೇಳಿ ಮುಸಿಮುಸಿ ನಕ್ಕು ನನ್ನ ಕಡೆ ತಿರುಗಿ, "ನೀನು ಅಳೆದು ನೋಡ್ದೆ ಏನೂ ಹೇಳೋನಲ್ಲ. ಅಕ್ಕ ಹೇಳಿದ್ದು ನಿಜಾನಾ, ನೀನೇ ಹೇಳು" ಎಂದರು. ನನ್ನ ಪುಸ್ತಕದಲ್ಲಿ ತಮ್ಮ ಪರದೆಯ ಬೆಳಕಿನ ಪ್ರಮಾಣವಿತ್ತು, ಮೈ ಎಷ್ಟು ಬಿಸಿಯಾಯಿತೆಂಬುದಿತ್ತು. ಪರದೆಯ ಮೇಲಿದ್ದ ಅಂಕವನ್ನು ಮಾತ್ರ ನಾನು ನೋಡಿಯೇ ಇರಲಿಲ್ಲ. "ಕಣ್ಣಾರೆ ನೋಡಿದೀನಿ ಚಿಕ್ಕಮ್ಮ, ಎಂಬತ್ತೇಳು ಸಾವಿರದ ನಾನೂರ ಇಪ್ಪತ್ತು" ಎಂದೆ. ಅಮ್ಮ ನನ್ನನ್ನೊಮ್ಮೆ ದಿಟ್ಟಿಸಿ, ನನ್ನ ತಟ್ಟೆಗೆ ಎರಡನೆಯ ಸಲ ಬಡಿಸಿದರು.

ಆದ್ದರಿಂದ ಮಾನ್ಯರೇ, ನೆನಪಿನ ಶಕ್ತಿ ಕೊಡಿರೆಂದು ತಮ್ಮ ಕಂಪನಿಗೆ ಬರೆದಿದ್ದ ದೂರನ್ನು ಹರಿದು ಹಾಕಿದ್ದೇನೆ. ತಮಗೆ ಎಂದೆಂದಿಗೂ ಏನೂ ನೆನಪಾಗದಿರಲಿ. ಅಕಸ್ಮಾತ್ ಆ ಶುಕ್ರವಾರದ ಅಂಕ ನೆನಪಾಗಿ, ಅದು ನಾನು ಹೇಳಿದ್ದಕ್ಕಿಂತ ಕಡಿಮೆಯಿದ್ದರೆ, ಕೃಪೆಯಿಟ್ಟು ಬಾಯಿ ಮುಚ್ಚಿಕೊಂಡಿರಬೇಕಾಗಿ ಪ್ರಾರ್ಥನೆ.

ತಮ್ಮ ವಿಶ್ವಾಸಿ,
ಅಳೆಯದೆ ಸಾಕ್ಷಿ ಹೇಳಿದ ವಿಮರ್ಶಕ

ಮರೆತ ಮಾತು: ಇಷ್ಟು ಬರೆದು ಮುಗಿಸುವಷ್ಟರಲ್ಲಿ ಚಿಕ್ಕಮ್ಮನ ಫೋನು ಬಂತು. ಅವರ ಅರವತ್ತೊಂದು ಸಾವಿರ ಇಂದು ಬೆಳಿಗ್ಗೆ ತೊಂಬತ್ತಾರು ಸಾವಿರವಾಗಿತ್ತಂತೆ. ಆಗಲೇ ಬ್ಯಾಟರಿ ಹೋಯಿತಂತೆ. ಕಣ್ಣಾರೆ ನೋಡಿದ ಸಾಕ್ಷಿ, ಚಿಕ್ಕಪ್ಪ. ಅಮ್ಮ ಈಗಷ್ಟೇ ತಮ್ಮನ್ನೂ ಚಾರ್ಜರನ್ನೂ ಎತ್ತಿಕೊಂಡು ಕೋಣೆ ಸೇರಿ, ಒಳಗಿನಿಂದ ಚಿಲಕ ಹಾಕಿಕೊಂಡಿದ್ದಾರೆ.