ಘಾಟಿನ ವಾಸಾಬಿ, ಘಾಟಿ ಅತ್ತೆ

"ಇನ್ನು ಮುಂದೆ ಈ ಮನೆಯ ಹೊಸ್ತಿಲೊಳಗೆ ಯಾವ ನಕಲಿಯೂ ಕಾಲಿಡಕೂಡದು!"

ಹೀಗೆಂದು ನಾನು ಘೋಷಿಸಿದ್ದು ಒಂದು ಭಾನುವಾರ, ಬೆಳಗಿನ ಹತ್ತೂವರೆಗೆ, ಎಡಗೈಯಲ್ಲಿ ಭೂತಗನ್ನಡಿ, ಬಲಗೈಯಲ್ಲಿ ಹೆಬ್ಬೆರಳಿನಷ್ಟು ದಪ್ಪದ ಒಂದು ಟ್ಯೂಬು ಹಿಡಿದು. ಈ ಐತಿಹಾಸಿಕ ಘೋಷಣೆಯನ್ನು ಕೇಳಿಸಿಕೊಳ್ಳಲು ಕೋಣೆಯಲ್ಲಿದ್ದವಳು ನನ್ನ ಹೆಂಡತಿ ಒಬ್ಬಳೇ. ಅವಳು ಒಗೆದ ದಿಂಬಿನ ಚೀಲಗಳನ್ನು ಮಡಿಸುತ್ತಿದ್ದಳು, ಮಡಿಸುವುದನ್ನು ನಿಲ್ಲಿಸಲಿಲ್ಲ.

"ಹಾಗಾದ್ರೆ ನೀವು ತಲೆಗೆ ಹಚ್ಚೋ ಡೈ ಎಲ್ಲಿಡಲಿ?"

"ಅದು ನಕಲಿಯಲ್ಲ. ದುರಸ್ತಿ."

ಟ್ಯೂಬಿನ ಮುಂಬದಿಯಲ್ಲಿ ದಪ್ಪ ಅಕ್ಷರಗಳಲ್ಲಿ 'ವಾಸಾಬಿ' ಎಂದಿತ್ತು, ಜಪಾನೀಯರು ತುರಿದು ಊಟಕ್ಕೆ ನಂಜಿಕೊಳ್ಳುವ ಘಾಟು ಗಡ್ಡೆಯ ಹೆಸರು. ಹಿಂಬದಿಯಲ್ಲಿ, ಇರುವೆಯೂ ಕನ್ನಡಕ ಹಾಕಿಕೊಂಡು ಓದಬೇಕಾದಂಥ ಅಕ್ಷರಗಳಲ್ಲಿ, ಒಳಗಿರುವ ವಸ್ತುಗಳ ಪಟ್ಟಿ: ಹಾರ್ಸ್‌ರ್ಯಾಡಿಶ್ ಎಂಬ ಬಿಳಿ ಬೇರಿನ ಪುಡಿ, ಸಾಸಿವೆ, ಪಿಷ್ಟ, ಎಣ್ಣೆ, ಹಸಿರು ಬಣ್ಣ. ವಾಸಾಬಿ? ಹುಡುಕಿದೆ. ಮತ್ತೊಮ್ಮೆ ಹುಡುಕಿದೆ. ಇಲ್ಲ! ಮದುವೆಯ ಕರೆಯೋಲೆಯಲ್ಲಿ ವರನ ಹೆಸರೊಂದನ್ನು ಬಿಟ್ಟು ಉಳಿದ ನೆಂಟರ ಹೆಸರೆಲ್ಲ ಅಚ್ಚಾದಂತೆ!

"ರೀ, ಅದು ಅಮ್ಮಂದು. ಸುಮ್ನೆ ಇದ್ದ ಜಾಗದಲ್ಲಿ ಇಡಿ" ಎಂದಳು ಹೆಂಡತಿ.

ಅಮ್ಮ ಎಂದರೆ ನನ್ನ ಅತ್ತೆ. ನಿವೃತ್ತ ಮುಖ್ಯೋಪಾಧ್ಯಾಯಿನಿ, ಎಪ್ಪತ್ತೆರಡು ವರ್ಷ, ನಮ್ಮ ಜೊತೆಯಲ್ಲೇ ವಾಸ. ಹಿಂದಿನ ವರ್ಷ ಬಂದ ಜ್ವರವೊಂದು ಹೋಗುವಾಗ ಅವರ ವಾಸನೆಯ ಶಕ್ತಿಯನ್ನೂ ಕಟ್ಟಿಕೊಂಡು ಹೋಗಿತ್ತು. "ಏನು ತಿಂದ್ರೂ ರಟ್ಟು ಅಗಿದ ಹಾಗಾಗುತ್ತೆ ಕಣೇ" ಎನ್ನುತ್ತ ತಟ್ಟೆ ಸರಿಸುವುದು ಅಭ್ಯಾಸವಾಯಿತು. ತೂಕ ನಲವತ್ತೆಂಟು ಕಿಲೋದಿಂದ ನಲವತ್ತೊಂದಕ್ಕೆ ಇಳಿಯಿತು. ವೈದ್ಯರು ಚೀಟಿಯ ಮೇಲೆ ನಲವತ್ತು ಎಂದು ಬರೆದು ಅದರಡಿ ಎರಡು ಗೆರೆ ಎಳೆದರು: ಇದಕ್ಕಿಂತ ಕೆಳಗಿಳಿದರೆ ಆಸ್ಪತ್ರೆ, ಮೂಗಿನೊಳಗಿಂದ ನಳಿಕೆ, ನಳಿಕೆಯಲ್ಲಿ ಗಂಜಿ.

ಆ ವಾರವೇ ಹೆಂಡತಿ ಎಲ್ಲಿಂದಲೋ ಈ ಟ್ಯೂಬು ತಂದಳು. ಬೇಯಿಸಿದ ಆಲೂಗಡ್ಡೆಗೆ ಬಟಾಣಿಕಾಳಿನಷ್ಟು ಹಚ್ಚಿ ಕೊಟ್ಟಳು. ಅತ್ತೆ ಬಾಯಿಗಿಟ್ಟರು. ಕಣ್ಣರಳಿತು, ನೀರು ಸುರಿಯಿತು, ಅಂಗೈ ಮೇಜಿನ ಮೇಲೆ ಬಡಿಯಿತು. "ಬಂತು! ಏನೋ ಬಂತು ಕಣೇ!"

ಖಾರವೇ ಬೇರೆ, ಘಾಟೇ ಬೇರೆ ಎಂಬ ತಿಳಿವಳಿಕೆ ನಮ್ಮ ಭಾಷೆಗೆ ಮೊದಲಿನಿಂದಲೂ ಇದೆ. ಘಾಟು ಮೂಗಿಗೇರಿದರೂ ಅದು ವಾಸನೆಯಲ್ಲ. ಅದನ್ನು ಮಿದುಳಿಗೆ ಮುಟ್ಟಿಸುವುದು ವಾಸನೆಯ ನರವಲ್ಲ. ಮುಖದ ಉರಿ, ತಂಪು, ಚುಚ್ಚುವಿಕೆಗಳ ವರದಿಗಾರನಾದ ಇನ್ನೊಂದು ನರ. ಅತ್ತೆಯವರಲ್ಲಿ ಮೊದಲನೆಯದು ಹೇಳದೆ ಕೇಳದೆ ರಜೆ ಹಾಕಿತ್ತು. ಎರಡನೆಯದು ಠಾಕುಠೀಕಾಗಿ ಕೆಲಸಕ್ಕೆ ಹಾಜರಿತ್ತು. ಅಂದಿನಿಂದ ದಿನಾ ಮಧ್ಯಾಹ್ನ ಎರಡು ಆಲೂಗಡ್ಡೆ, ಅವುಗಳ ಹಿಂದೆ ಉಳಿದ ಊಟ. ತೂಕ ನಲವತ್ತೆರಡು!

ಬುದ್ಧಿವಂತನಾದವನು ಇಷ್ಟಕ್ಕೆ ಟ್ಯೂಬಿಗೆ ಕೈಮುಗಿದು ಸುಮ್ಮನಾಗುತ್ತಿದ್ದ. ನಾನು ವಿಜ್ಞಾನ ಓದುವವನು.

"ಸುಳ್ಳಿನ ಆಧಾರದ ಮೇಲೆ ಏರಿದ ತೂಕ ಅದು!" ಎಂದೆ.

"ಒಂದು ಕಿಲೋ ಅಂದ್ರೆ ಒಂದು ಕಿಲೋ ರೀ. ತಕ್ಕಡಿ ಕಾರಣ ಕೇಳುತ್ತಾ?"

"ಅಸಲಿ ವಾಸಾಬಿಯನ್ನ ಒಮ್ಮೆ ತಿಂದರೆ ಅತ್ತೆ ಈ ಟ್ಯೂಬಿನ ಕಡೆ ತಿರುಗಿ ನೋಡೋಲ್ಲ. ಅಸಲಿಯಲ್ಲಿ ಹಸಿಹುಲ್ಲಿನ ನವಿರಾದ ಪರಿಮಳ, ಹಿಂದೆಯೇ ಒಂದು ಸಣ್ಣ ಸಿಹಿ..."

"ಅಮ್ಮನಿಗೆ ವಾಸನೇನೇ ಬರಲ್ಲ."

"ಅದಕ್ಕೇ! ಪೂರ್ವಗ್ರಹವೇ ಇಲ್ಲದ ಮೂಗು!"

ಪರಿಮಳದಲ್ಲಿ ಮಾತ್ರ ಹೆಚ್ಚುಗಾರಿಕೆಯಿರುವ ಪದಾರ್ಥಕ್ಕೆ ಪರಿಮಳ ತಿಳಿಯದ ಏಕೈಕ ವ್ಯಕ್ತಿಯನ್ನು ತೀರ್ಪುಗಾರರನ್ನಾಗಿ ನೇಮಿಸುತ್ತಿದ್ದೇನೆಂಬುದು ನನಗೆ ಹೊಳೆಯಲೇ ಇಲ್ಲ. ಹೆಂಡತಿ ಮಾತ್ರ ಮೂಗಿನ ಮೇಲೆ ಬೆರಳಿಟ್ಟುಕೊಂಡಳು.

ಶೀತಲಗೃಹದಲ್ಲಿ ಕೆಲಸ ಮಾಡುವ ಗೆಳೆಯನನ್ನು ಕಾಡಿ ಬೇಡಿ, ಮುಂದಿನ ಶನಿವಾರದ ಹೊತ್ತಿಗೆ ಒಂದು ನಿಜವಾದ ವಾಸಾಬಿ ಗಡ್ಡೆಯನ್ನು ತರಿಸಿಯೇಬಿಟ್ಟೆ. ಒದ್ದೆ ಕಾಗದದಲ್ಲಿ ಸುತ್ತಿದ್ದ ಅದನ್ನು ಮಗುವಿನಂತೆ ಎತ್ತಿಕೊಂಡು ಬಂದೆ. ಗೇಣುದ್ದ, ಗಂಟುಗಂಟು, ಕೆಸರಿನ ಬಣ್ಣ.

"ಇದೇನ್ರೀ, ಸವೆದ ಚಪ್ಪಲಿ ಹಾಗಿದೆ!"

"ಹರಿಯುವ ತಣ್ಣೀರಿನಲ್ಲಿ ವರ್ಷಗಟ್ಟಲೆ ನಿಂತು ಬೆಳೆದದ್ದು ಕಣೇ, ತಪಸ್ಸಿಗೆ ನಿಂತ ಹಾಗೆ! ಇಡೀ ಗಡ್ಡೆಯೊಳಗೆ ಘಾಟು ಅನ್ನೋದೇ ಇಲ್ಲ, ಗೊತ್ತಾ? ಎರಡು ಪದಾರ್ಥ ಬೇರೆ ಬೇರೆ ಕೋಶಗಳಲ್ಲಿ ತೆಪ್ಪಗಿರುತ್ತವೆ. ತುರಿದಾಗ ನಡುವಿನ ಗೋಡೆ ಒಡೆದು, ಎರಡೂ ಸೇರಿದ ಮೇಲೆಯೇ ಘಾಟು ಹುಟ್ಟೋದು."

"ನೀವೂ ಅಮ್ಮನೂ ಒಂದೇ ರೂಮಲ್ಲಿದ್ದ ಹಾಗೆ."

"ಹುಟ್ಟಿದ ಘಾಟು ಹದಿನೈದು ನಿಮಿಷದಲ್ಲಿ ಗಾಳಿಗೆ ಹಾರಿಹೋಗುತ್ತೆ. ಅಷ್ಟರೊಳಗೆ ತಿನ್ನಬೇಕು. ಸತ್ಯದ ಆಯಸ್ಸು ಅಷ್ಟೇ!"

ಭಾನುವಾರ ಮಧ್ಯಾಹ್ನ ಹನ್ನೆರಡೂವರೆಗೆ ಪರೀಕ್ಷೆ. ಎರಡು ಬಟ್ಟಲು: ಒಂದರಲ್ಲಿ ಅಸಲಿ, ಇನ್ನೊಂದರಲ್ಲಿ ನಕಲಿ. ಯಾವುದು ಯಾವುದೆಂದು ಅತ್ತೆಗೆ ತಿಳಿಯಬಾರದು. ಗಡ್ಡೆಯ ಅರ್ಧವನ್ನು ಸಣ್ಣ ಹಲ್ಲಿನ ತುರಿಮಣೆಯ ಮೇಲೆ, ಶಾಸ್ತ್ರೋಕ್ತವಾಗಿ ಸಣ್ಣ ಸಣ್ಣ ಸುತ್ತಿನಲ್ಲಿ ತುರಿದೆ. ಇನ್ನೊಂದು ಬಟ್ಟಲಿಗೆ ಟ್ಯೂಬನ್ನು ತುದಿಯಿಂದ ಸುರುಳಿ ಸುತ್ತಿ, ಕೊನೆಯ ಹನಿಯವರೆಗೆ ಹಿಂಡಿದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದೆ.

ಅಯ್ಯೋ! ನಕಲಿಯದು ಆಟದ ಮೈದಾನಕ್ಕೆ ಹೊಸದಾಗಿ ಬಳಿದ ಹಸಿರು. ಅಸಲಿಯದು ಜ್ವರದಿಂದ ಎದ್ದು ಕುಳಿತ ಸೌತೆಕಾಯಿಯ ಹಸಿರು. ಅತ್ತೆ ಬಾಗಿಲಲ್ಲೇ ನಿಂತು ಗುರುತು ಹಿಡಿಯುತ್ತಾರೆ!

ನಾನು ಬಣ್ಣದ ಕಾರ್ಖಾನೆಯಲ್ಲಿ ಛಾಯೆ ಹೊಂದಿಸುವವನೆಂಬುದನ್ನು ಇಲ್ಲಿ ಹೇಳಬೇಕು. ಗಿರಾಕಿಗಳು ಹಳೆಯ ಗೋಡೆಯ ಚೂರು ತರುತ್ತಾರೆ. ಅದರ ಪಕ್ಕದಲ್ಲಿ ಬಳಿದರೆ ಕಣ್ಣಿಗೆ ವ್ಯತ್ಯಾಸ ಕಾಣದ ಬಣ್ಣವನ್ನು ಬೆರೆಸಿಕೊಡುವುದು ನನ್ನ ಕೆಲಸ. ಇಪ್ಪತ್ತು ವರ್ಷ ಅದನ್ನೇ ಮಾಡಿದ ಕೈಗಳು ಹೊಂದದ ಎರಡು ಹಸಿರುಗಳ ಮುಂದೆ ಸುಮ್ಮನಿರುವುದುಂಟೆ? ಕೇಕಿಗೆ ಹಾಕುವ ಹಸಿರು ಬಣ್ಣದ ಸೀಸೆಯನ್ನು ಹುಡುಕಿ ತೆಗೆದು ಅಸಲಿಗೆ ಒಂದು ಹನಿ ಹಾಕಿದೆ. ಹೆಚ್ಚಾಯಿತು. ಸರಿದೂಗಿಸಲು ನಕಲಿಗೆ ಅರ್ಧ ಹನಿ. ಈಗ ಅಸಲಿ ತರಿತರಿ, ನಕಲಿ ನುಣುಪು. ಅಸಲಿಗೆ ಕಾರ್ನ್‌ಫ್ಲೋರ್, ನಕಲಿಗೆ ನೀರು. ನಕಲಿ ತೆಳುವಾಯಿತು, ಅದಕ್ಕೂ ಕಾರ್ನ್‌ಫ್ಲೋರ್. ಅಸಲಿ ಗಟ್ಟಿಯಾಯಿತು, ಅದಕ್ಕೂ ನೀರು.

ಒದ್ದೆ ಬಣ್ಣವನ್ನು ನಂಬಬಾರದು, ಗಾಳಿಗೆ ಆರಿಸಿ ಹಗಲು ಬೆಳಕಿನಲ್ಲಿ ನೋಡಬೇಕು ಎಂಬುದು ನಮ್ಮ ವೃತ್ತಿಯ ಮೊದಲ ನಿಯಮ. ಎರಡು ಬಟ್ಟಲಿನದನ್ನೂ ಚಪ್ಪಟೆ ತಟ್ಟೆಗಳ ಮೇಲೆ ತೆಳ್ಳಗೆ ಹರಡಿ, ಕಿಟಕಿಯ ಬಳಿಯಿಟ್ಟು, ಟೇಬಲ್ ಫ್ಯಾನನ್ನು ಪೂರ್ಣ ವೇಗಕ್ಕೆ ತಿರುಗಿಸಿದೆ.

ಪಕ್ಕದ ಕೋಣೆಯಿಂದ ಸೀನು. ಇನ್ನೊಂದು ಸೀನು. ಹೆಂಡತಿ ಕಣ್ಣೊರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು.

"ರೀ, ಏನ್ ಸುಡ್ತಿದೀರಾ? ಕಣ್ಣೆಲ್ಲ ಉರೀತಿದೆ!"

"ಪರೀಕ್ಷೆ ಪ್ರಗತಿಯಲ್ಲಿದೆ. ಇನ್ನು ಹತ್ತೇ ನಿಮಿಷ."

ತಟ್ಟೆಗಳ ಘಾಟೆಲ್ಲ ಕಿಟಕಿ ದಾಟಿ ಊರು ಸುತ್ತಲು ಹೊರಟಿದೆಯೆಂಬುದು ಸೀನಿದವಳಿಗೂ ಹೊಳೆಯಲಿಲ್ಲ, ಹದಿನೈದು ನಿಮಿಷದ ಆಯಸ್ಸಿನ ಬಗ್ಗೆ ಉಪನ್ಯಾಸ ಕೊಟ್ಟವನಿಗೂ ಹೊಳೆಯಲಿಲ್ಲ. ನಾನು ಕಣ್ಣು ಕಿರಿದಾಗಿಸಿ ಎರಡು ಹಸಿರುಗಳನ್ನು ಹೋಲಿಸುತ್ತಿದ್ದೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ! ವೃತ್ತಿಜೀವನದ ಅತ್ಯುತ್ತಮ ಹೊಂದಾಣಿಕೆ! ಎಷ್ಟು ಅತ್ಯುತ್ತಮವೆಂದರೆ, ಯಾವ ತಟ್ಟೆಯಲ್ಲಿ ಯಾವುದಿದೆಯೆಂಬುದು ನನಗೂ ಮರೆತುಹೋಯಿತು.

ಅತ್ತೆ ಬಂದು ಕುಳಿತರು. ಮೊದಲ ತಟ್ಟೆಯದನ್ನು ಆಲೂಗಡ್ಡೆಗೆ ಹಚ್ಚಿ ಬಾಯಿಗಿಟ್ಟರು. ಅಗಿದರು. ಕಾದರು. ಎರಡನೆಯದನ್ನು ಹಚ್ಚಿದರು. ಅಗಿದರು. ಕಾದರು. ಮೂರನೆಯ ತುತ್ತಿಗೆ ದಪ್ಪಗೆ ಬಳಿದುಕೊಂಡರು.

"ಹೇಗಿದೆ ಅತ್ತೆ?" ಎಂದೆ, ಪೆನ್ಸಿಲ್ ಹಿಡಿದು.

ಅವರು ಚಮಚವನ್ನು ನಿಧಾನವಾಗಿ ಕೆಳಗಿಟ್ಟರು. ತಟ್ಟೆಯನ್ನು ಮೇಜಿನ ಅಂಚಿನವರೆಗೆ ಸರಿಸಿದರು. ಮಗಳ ಕಡೆ ತಿರುಗಿದಾಗ ಕಣ್ಣಲ್ಲಿ ನೀರಿತ್ತು. ಘಾಟಿನದಲ್ಲ.

"ಅದೂ ಹೋಯ್ತು ಕಣೇ" ಎಂದರು. "ಅದೊಂದು ಉಳಿದಿತ್ತು. ಇವತ್ತು ಅದೂ ಹೋಯ್ತು."

ನನ್ನ ಕೈಯ ಪೆನ್ಸಿಲ್ ಆ ಕ್ಷಣದಲ್ಲಿ ಎಷ್ಟು ಭಾರವಾಯಿತೆಂದು ಯಾವ ತಕ್ಕಡಿಯೂ ಹೇಳಲಾರದು.

"ಇಲ್ಲ ಅತ್ತೆ, ನಿಮಗೇನೂ ಆಗಿಲ್ಲ! ನಾನೇ ಫ್ಯಾನ್ ಹಾಕಿ ಘಾಟನ್ನೆಲ್ಲ ಓಡಿಸಿಬಿಟ್ಟೆ. ಹೋಗಿದ್ದು ನಿಮ್ಮ ಮೂಗಲ್ಲ, ನನ್ನ ಬುದ್ಧಿ!"

"ನನ್ನ ಸಮಾಧಾನಕ್ಕೆ ಹೇಳ್ತೀರಿ ಅಳಿಯಂದಿರೇ. ಬಿಡಿ. ನಳಿಕೇನೇ ಹಾಕಿಸಿ."

ಹೆಂಡತಿ ನನ್ನ ಕಡೆ ನೋಡಿದಳು. ಅಂಥ ನೋಟವನ್ನು ಬಟ್ಟಲಿಗೆ ಹಿಂಡುವಂತಿದ್ದರೆ ವಾಸಾಬಿಯ ಅಗತ್ಯವೇ ಇರಲಿಲ್ಲ. "ಟ್ಯೂಬು?" ಎಂದಳು.

"ಖಾಲಿ."

"ಇನ್ನೊಂದು?"

"ಮನೆಗೆ ತರಬೇಡ ಅಂತ ನಾನೇ ಹೇಳಿದ್ದೆ."

"ಆ ಚಪ್ಪಲಿ ಇನ್ನೂ ಅರ್ಧ ಇದೆಯಲ್ಲ, ಅದನ್ನ ತುರೀರಿ! ಈಗ್ಲೇ!"

ಓಡಿದೆ. ತುರಿದೆ. ಬೆರಳ ತುದಿಯ ಚರ್ಮವೂ ಒಂದಿಷ್ಟು ಸತ್ಯಕ್ಕೆ ಸಂದಿತು. ಬಣ್ಣವಿಲ್ಲ, ಪಿಷ್ಟವಿಲ್ಲ, ಫ್ಯಾನಿಲ್ಲ, ಅಪ್ಪಟ ವಾಸಾಬಿ! ನನ್ನ ಕಣ್ಣಲ್ಲೇ ಧಾರಾಕಾರ ನೀರು. ಓಡಿ ಬಂದು ಅತ್ತೆಯ ಮುಂದಿಟ್ಟೆ.

ಅತ್ತೆ ಚಮಚ ಮುಟ್ಟಲಿಲ್ಲ. ತಟ್ಟೆಯನ್ನು ನೋಡಿ ಮೂಗು ಮುರಿದರು.

"ಇದೇನಿದು, ಇಷ್ಟು ಪೇಲವ?"

"ಇದೇ ಅಸಲಿ ಅತ್ತೆ. ಅಸಲಿ ಹೀಗೇ ಇರೋದು."

"ಮೂವತ್ತು ವರ್ಷ ಪರೀಕ್ಷೆ ಕೋಣೆಯಲ್ಲಿ ನಕಲು ಹಿಡಿದವಳು ನಾನು. ನನಗೆ ನಕಲು ಗೊತ್ತಾಗಲ್ವಾ? ಆವಾಗ್ಲೇ ಎರಡು ತಿನ್ನಿಸಿ ಮೋಸ ಮಾಡಿದ್ದು ಸಾಲದೇನು? ನನಗೆ ಬೇಡ."

"ಒಂದೇ ಒಂದು ಚೂರು..."

"ಬೇಡ ಅಂದ್ರೆ ಬೇಡ!"

ಬಾಯಿ ಬಿಗಿದು ಕುಳಿತರು. ಹೆಂಡತಿ ನನ್ನ ತೋಳು ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದಳು. ತಟ್ಟೆಯೂ ಜೊತೆಗೆ ಬಂತು.

"ಒಂದು ಹನಿ ಹಸಿರು ಹಾಕಿ ಕೊಡಿ."

"ಅಸಲಿಗೆ ಬಣ್ಣ ಹಾಕೋದಾ? ಈಗ ಅದು ಪರೀಕ್ಷೆಯೂ ಅಲ್ಲ, ಶುದ್ಧ ಮೋಸ! ನಾನು ನಂಬಿಕೊಂಡು ಬಂದ ತತ್ವ..."

"ಸತ್ಯಕ್ಕೆ ಹದಿನೈದೇ ನಿಮಿಷ ಆಯಸ್ಸು ಅಂದ್ರಲ್ಲ? ಏಳು ಆಯ್ತು."

ಮಾನವ ಇತಿಹಾಸದಲ್ಲಿ ತತ್ವಕ್ಕಾಗಿ ಪ್ರಾಣ ಕೊಟ್ಟವರಿದ್ದಾರೆ. ಅವರಿಗೆ ಹೊರಗೆ ಹಸಿದು ಕುಳಿತ ಅತ್ತೆ ಇದ್ದಿರಲಾರರು. ನಾನು ಸೀಸೆಯ ಮುಚ್ಚಳ ತೆರೆದೆ. ಒಂದು ಹನಿ. ಕಲೆಸಿದೆ. ಮೈದಾನದ ಹಸಿರು ಮಿಂಚಿತು. ತಟ್ಟೆ ಹಿಡಿದು ಹೊರಗೆ ಬಂದವನು, ಜೀವಮಾನದಲ್ಲಿ ಮೊದಲ ಬಾರಿಗೆ ನೇರವಾಗಿ ಸುಳ್ಳು ಹೇಳಿದೆ:

"ಕ್ಷಮಿಸಿ ಅತ್ತೆ. ಆಗ ತಂದದ್ದು ನಕಲಿ. ಅಸಲಿ ಒಳಗೇ ಉಳಿದುಹೋಗಿತ್ತು."

ಅತ್ತೆ ಹಸಿರನ್ನು ನೋಡಿದರು, ನನ್ನನ್ನು ನೋಡಿದರು, ಚೂರು ಹಚ್ಚಿ ಬಾಯಿಗಿಟ್ಟರು. ಅಗಿದರು. ಕಾದರು. ಆಮೇಲೆ ಅವರ ಹುಬ್ಬು ಮೇಲೇರಿತು. ಮೂಗಿನ ಹೊಳ್ಳೆಗಳು ಅರಳಿದವು. ಅಂಗೈ ಮೇಜಿನ ಮೇಲೆ ಬಿತ್ತು, ಚಮಚಗಳು ಹಾರಿದವು.

"ಬಂತು! ಬಂತು ಕಣೇ!"

ಹೆಂಡತಿ ತಲೆ ತಿರುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಈ ಬಾರಿ ಅದು ಘಾಟಿನದೆಂದು ಹೇಳಿದಳು. ಅತ್ತೆ ಒಂದು ಆಲೂಗಡ್ಡೆ ಮುಗಿಸಿದರು, ಎರಡು ಮುಗಿಸಿದರು, ಮೂರನೆಯದಕ್ಕೆ ಕೈ ಚಾಚಿದರು. ಬಾಯಿ ತುಂಬ ತುತ್ತು, ಕೆನ್ನೆಯ ತುಂಬ ನೀರು. ಹಾಗೆಯೇ ನನ್ನ ಕಡೆ ತಿರುಗಿ, ಫೇಲಾದ ವಿದ್ಯಾರ್ಥಿಯನ್ನು ನೋಡುವ ಕರುಣೆಯಿಂದ ತಲೆಯಾಡಿಸಿದರು.

"ಅಸಲಿ ಅಂದ್ರೆ ಇದು ನೋಡಿ, ಎಷ್ಟು ಹಸಿರಾಗಿದೆ! ಆ ಪೇಲವ ತಟ್ಟೇನ ಅಸಲಿ ಅಂತ ತಂದಿಟ್ರಲ್ಲ, ಇಪ್ಪತ್ತು ವರ್ಷ ಬಣ್ಣದ ಕಾರ್ಖಾನೇಲಿ ಏನು ಮಾಡ್ತಿದ್ರಿ ಅಳಿಯಂದಿರೇ?"