ಸೊನ್ನೆ ಕೊಟ್ಟ ಹಾಡು

ಹುಮನಾಬಾದ್ ಹತ್ತಿರದ ಹುಡಗಿ ಎಂಬ ಊರಿನ ಶ್ರೀಮಂತ ಎಂಬಾತ ಮೂವತ್ತು ವರ್ಷದಿಂದ ಭಜನಾ ಮಂಡಳಿಯ ಹಾರ್ಮೋನಿಯಂ ನುಡಿಸುತ್ತ ಬಂದವನು. ಸಿನಿಮಾ, ರೀಲ್ಸು, ಡಿಜೆ ಮೂರೂ ಕೂಡಿ ನಾಡಿನ ಸಂಗೀತವನ್ನು ಮಣ್ಣುಪಾಲು ಮಾಡಿವೆ ಎಂದು ಊಟಕ್ಕೆ ಕೂತಾಗ ಒಮ್ಮೆ, ಕೈ ತೊಳೆದಾಗ ಒಮ್ಮೆ ಹೇಳುತ್ತಿದ್ದ. ಹೆಂಡತಿ ಸತ್ಯಮ್ಮ ರೊಟ್ಟಿ ಬಡಿಯುತ್ತ ಕೇಳಿಸಿಕೊಳ್ಳುತ್ತಿದ್ದಳು.

ಈ ಬೇಸಿಗೆಯಲ್ಲಿ ಹೊಸ ಪಿಡುಗೊಂದು ಹುಟ್ಟಿತು. ಯಾವ ಆಟೋ ಹತ್ತಿದರೂ ಒಂದೇ ಹಾಡು: ಕೆಳಗೆ ಧಡ್ ಧಡ್ ಸದ್ದು, ಮೇಲೆ ಯಾವುದೋ ಹುಡುಗಿಯ ದನಿ. ಮನೆಗೆ ಬಂದರೆ ಸತ್ಯಮ್ಮನ ಬಾಯಲ್ಲೂ ಅದೇ.

"ಆ ಮೊಬೈಲ್ ಹಾಡು ಮನಿಯಾಗ ಬಿಲ್ಕುಲ್ ಬ್ಯಾಡ," ಎಂದ.

"ಮೊಬೈಲಿಂದಲ್ರೀ ಇದು..." ಎಂದು ಅವಳು ಶುರುಮಾಡುವಷ್ಟರಲ್ಲಿ ಶ್ರೀಮಂತ ಅಂಗೈ ಎತ್ತಿದ. (ಮಂಡಳಿಯಲ್ಲಿ ಆ ಅಂಗೈ ಎದ್ದರೆ ತಬಲಾ ಕೂಡ ನಿಲ್ಲುತ್ತಿತ್ತು.)

ಆಗಲೇ ಬಸವಕಲ್ಯಾಣದ ಜಾನಪದ ಗೀತ ಸ್ಪರ್ಧೆಗೆ ತೀರ್ಪುಗಾರನಾಗಿ ಬರಬೇಕೆಂದು ಅವನಿಗೆ ಕರೆ ಬಂತು. ಅದೇ ಸ್ಪರ್ಧೆಗೆ ಸತ್ಯಮ್ಮನ ಮಹಿಳಾ ಸಂಘವೂ ಹೆಸರು ಕೊಟ್ಟಿತ್ತು. ಕಾಲೇಜು ಓದುವ ಮಗಳು ಮೀನಾ ಸಂಘದ ಹೆಂಗಸರಿಗೆ ಹೆಜ್ಜೆ ಕಲಿಸಿದ್ದಳು. ಶ್ರೀಮಂತನಿಗೆ ಧರ್ಮಸಂಕಟ. ಹೆಂಡತಿಯ ವಿಷಯದಲ್ಲಿ ಯಾರೂ ತನ್ನತ್ತ ಬೆರಳು ತೋರಿಸಬಾರದು ಎಂದು ನ್ಯಾಯಮೂರ್ತಿಯ ಗಾಂಭೀರ್ಯದಿಂದ ಕುರ್ಚಿಯಲ್ಲಿ ಕುಳಿತ.

ಸಂಘದವರು ವೇದಿಕೆ ಹತ್ತಿ, ಹೆಜ್ಜೆ ಹಾಕುತ್ತ ಹಾಡಿದ್ದು ಆ ಆಟೋದ ಹಾಡನ್ನೇ. ಉಳಿದಿಬ್ಬರು ತೀರ್ಪುಗಾರರು ತಲೆದೂಗಿ ಹತ್ತಕ್ಕೆ ಹತ್ತು ಕೊಟ್ಟರು. ಶ್ರೀಮಂತ ಸೊನ್ನೆ ಬರೆದು ಸಹಿ ಹಾಕಿದ. ಸಾಲದೆಂದು ಮೈಕು ಹಿಡಿದು, ಇದು ಜಾನಪದವಲ್ಲ, ಮೊನ್ನೆ ಮೊಬೈಲಿನಲ್ಲಿ ಹುಟ್ಟಿದ ಕಸ ಎಂದು ತೀರ್ಪನ್ನೂ ಓದಿದ.

ಸತ್ಯಮ್ಮ ಮೈಕಿಗೆ ಕೈ ಚಾಚಿದಳು.

"ಇದು ನಮ್ಮ ಅತ್ತಿಯವರು ಬೀಸುವಾಗ ಹಾಡ್ತಿದ್ದ ಪದ ಅದರಿ. ಸಾಯೂ ಮುಂಚೆ ನನಗ ಕಲಿಸ್ಯಾರ. ನಮ್ಮ ಮೀನಾ ಆಕಿ ಗೆಳತಿ ಮಿಸ್ಬಾನ ಕಡಿಂದ ಹಾಡಸಿ, ಇದಕ್ಕ ಧಡ್ ಧಡ್ ಹಾಕಿ ಮೊಬೈಲಿಗೆ ಬಿಟ್ಟಾಳ. ಮನಿಯವರಿಗೆ ಹೇಳಾಕ ಹೋದ್ರ ಕೈ ಎತ್ತತಾರ್ರಿ."

ಸಭೆ ನಕ್ಕಿತು. ಶ್ರೀಮಂತನ ತಾಯಿಯ ತವರು ಮುಡಬಿ. ಆ ಊರಿನ ಮುದುಕಿ ದ್ರೌಪತಿ ಎದ್ದು ನಿಂತು, ನಾವು ಹುಡುಗಿಯರಾಗಿದ್ದಾಗ ಬೀಸುಕಲ್ಲಿನ ಮುಂದೆ ಕೂತು ಇದೇ ಪದ ಹಾಡುತ್ತಿದ್ದೆವು ಎಂದು ಮುಂದಿನ ಸಾಲು ಹೇಳಿಯೇಬಿಟ್ಟಳು.

ಸೊನ್ನೆಯನ್ನು ತಿದ್ದುತ್ತೇನೆಂದು ಶ್ರೀಮಂತ ಕೇಳಿಕೊಂಡ. ಸಹಿ ಬಿದ್ದ ಹಾಳೆ ತಿದ್ದುವಂತಿಲ್ಲ ಎಂದರು ಸಂಘಟಕರು. ಬಹುಮಾನ ಬೇರೆಯವರ ಪಾಲಾಯಿತು. ವಾಪಸು ಬರುವಾಗ ಬಸ್ಸಿನಲ್ಲಿ ಸಂಘದ ಹನ್ನೊಂದು ಮಂದಿ ಹೆಂಗಸರೂ ಅವನ ಜೊತೆ ಮಾತಾಡಲಿಲ್ಲ. ಅವನಿಗೆ ಅದಕ್ಕಿಂತ ದೊಡ್ಡ ನೋವು ಬೇರೆ ಇತ್ತು. ಹೆತ್ತ ತಾಯಿಯ ಹಾಡು ತನ್ನ ಕಿವಿಗೆ ಗುರುತು ಸಿಗಲಿಲ್ಲವಲ್ಲ!

ಮಂಗಳವಾರ ಸಂಘದ ಅಭ್ಯಾಸಕ್ಕೆ ತಾನಾಗಿಯೇ ಹೋಗಿ, ನನಗೂ ಆ ಪದ ಕಲಿಸಿರಿ ಎಂದ. ಹಾರ್ಮೋನಿಯಂ ಬೇಕಿಲ್ಲ, ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ಹಾಕಲಿ ಎಂದು ತೀರ್ಮಾನವಾಯಿತು. ಮೂವತ್ತು ವರ್ಷದ ಅನುಭವಿ ಮಗಳ ಎಣಿಕೆಗೆ ಚಪ್ಪಾಳೆ ತಟ್ಟಿದ. ಸ್ಪರ್ಧೆಯಲ್ಲಿ ಸಮಯ ಸಾಲದೆ ಬಿಟ್ಟಿದ್ದ ಕೊನೆಯ ನುಡಿಯನ್ನು ಸತ್ಯಮ್ಮ ಎತ್ತಿಕೊಂಡಳು:

"ತೊಡಿಮ್ಯಾಲ ನನಕಂದ ಶಿರಿಮಂತ ಮಲಗ್ಯಾನ
ಮೆಲ್ಲಕ ತಿರುಗ ಬೀಸುಕಲ್ಲ..."

ಶ್ರೀಮಂತನ ಚಪ್ಪಾಳೆ ನಿಂತಿತು.

"ಅಪ್ಪಾ, ತಾಳ ತಪ್ಪಾಕತ್ತದ," ಎಂದಳು ಮೀನಾ. ಶ್ರೀಮಂತ ಅಂಗೈಯಿಂದ ಕಣ್ಣೊರೆಸಿಕೊಂಡ. ಇಷ್ಟು ಹತ್ತಿರದಲ್ಲಿ ಅವ್ವ ಹಾಡಿದ್ದು ನನಗೆ ಹೇಗೆ ಕೇಳಿಸಲಿಲ್ಲ ಎಂದು ಹೆಂಡತಿಯನ್ನು ಕೇಳಿದ.

ಸತ್ಯಮ್ಮ ಸೆರಗಿನ ತುದಿಯನ್ನು ಅವನ ಕೈಗಿಟ್ಟಳು.

"ಹ್ಯಾಂಗ ಕೇಳಸ್ತದ್ರಿ? ಹಾಡು ಮುಗಿಯೂತನ ನೀವು ನಿದ್ದಿನೇ ಹೊಡದೀರಿ."