ಗುರುವಾರದ ಹೆಬ್ಬೆರಳು

ನೋವಿಗೆ ಒಂದು ಕೆಟ್ಟ ಗುಣವಿದೆ. ಡಾಕ್ಟರ ಮುಂದೆ ಕೂತ ಕೂಡಲೇ ಅದು ಬಹಳ ಸಭ್ಯವಾಗಿಬಿಡುತ್ತದೆ. ಬೆಳಿಗ್ಗೆ ಹಲ್ಲುಪುಡಿಯ ಡಬ್ಬಿ ತೆರೆಯಲು ಬಿಡದೆ ನನ್ನ ಬಾಯಿಂದ ಇದ್ದಬದ್ದ ದೇವರ ಹೆಸರನ್ನೆಲ್ಲ ಹೊರಡಿಸಿದ ಬಲಗೈ ಹೆಬ್ಬೆರಳು, ದೇವರ ವಿಷಯದಲ್ಲಿ ನನ್ನ ಅಭಿಪ್ರಾಯವೇ ಬೇರೆ ಎಂಬುದನ್ನೂ ಲೆಕ್ಕಿಸದ ಹೆಬ್ಬೆರಳು, ಅವರ ಮೇಜಿನ ಮೇಲೆ ಹೆಣ್ಣು ನೋಡಲು ಬಂದ ವರನಂತೆ ತಲೆ ತಗ್ಗಿಸಿ ಕೂರುತ್ತದೆ. "ಹೋದ ಸಲಕ್ಕಿಂತ ಜಾಸ್ತಿನಾ, ಕಮ್ಮಿನಾ?" ಎಂದು ಡಾಕ್ಟರು ಕೇಳುತ್ತಾರೆ. ನಾನು ಸಿಕ್ಕಿಬೀಳುವುದು ಇಲ್ಲೇ. ಪಕ್ಕದಲ್ಲಿಟ್ಟು ಹೋಲಿಸಿ ನೋಡೋಣವೆಂದರೆ ಹೋದ ಸಲದ ನೋವು ನನ್ನ ಹತ್ತಿರ ಇಲ್ಲ. ಆಗ ತುಂಬ ನೋಯುತ್ತಿತ್ತು ಎಂಬ ಮಾತು ನೆನಪಿದೆ, ನೋವು ನೆನಪಿಲ್ಲ. ಕೊನೆಗೆ ಪಕ್ಕದಲ್ಲಿರುವ ನನ್ನ ಹೆಂಡತಿ ವನಜ ಉತ್ತರ ಹೇಳುತ್ತಾಳೆ. "ಜಾಸ್ತಿನೇ ಡಾಕ್ಟ್ರೇ. ಹೋದ ತಿಂಗಳು ಅಂಗಿ ಗುಂಡಿ ಮಾತ್ರ ನಾನು ಹಾಕ್ತಿದ್ದೆ. ಈಗ ಬಾಳೆಹಣ್ಣು ಸುಲಿಯೋದೂ ನಾನೇ."

ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿ ನಾನು ಕಲಿತದ್ದು ಇಷ್ಟೇ: ಒಂದೇ ಸಲ ಅಳೆದದ್ದನ್ನು ನಂಬಬಾರದು. ಆ ವಿದ್ಯೆಯ ಬಲದಿಂದ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದೇನೆ. ನಾಗಸಂದ್ರದ ನಮ್ಮ ಮನೆ ಮಾಲೀಕರು ನನ್ನನ್ನು ಪೊಲೀಸ್ ಇನ್‌ಸ್ಪೆಕ್ಟರ್ ಎಂದೇ ತಿಳಿದು ಮೊದಲು ಎದ್ದು ನಿಂತು ಮಾತಾಡಿಸುತ್ತಿದ್ದರು. ನಿಜ ಗೊತ್ತಾದ ಮೇಲೆ ಕೂತೇ ಮಾತಾಡಿಸುತ್ತಾರೆ. ಲೇತಿನಿಂದ ಇಳಿದು ಬಂದ ತುಂಡುಗಳನ್ನು ಮೈಕ್ರೋಮೀಟರಿನಲ್ಲಿ ಹಿಡಿದು, ಅದರ ತಿರುಪನ್ನು ಎರಡು ಬೆರಳಲ್ಲಿ ಮೆಲ್ಲಗೆ ತಿರುಗಿಸಿ, ಇದು ಪಾಸು, ಇದು ಫೇಲು ಎನ್ನುವುದು ನನ್ನ ಕೆಲಸ. ತಿರುಗಿಸಿ ತಿರುಗಿಸಿಯೋ, ವಯಸ್ಸಾಗಿಯೋ, ಅಂತೂ ಹೆಬ್ಬೆರಳಿನ ಬುಡದ ಕೀಲು ಸವೆದುಹೋಗಿದೆ. ಈಗ ತಿರುಪು ಹಿಡಿದರೆ ಕಣ್ಣಲ್ಲಿ ನೀರು ಬರುತ್ತದೆ. ಕಣ್ಣಲ್ಲಿ ನೀರಿದ್ದಾಗ ಎಲ್ಲ ತುಂಡುಗಳೂ ಪಾಸಾದಂತೆಯೇ ಕಾಣುತ್ತವೆ. ಇದು ಲೇತಿನವರಿಗೆ ಇಷ್ಟ, ಯಜಮಾನರಿಗೆ ಅಷ್ಟು ಇಷ್ಟವಿಲ್ಲ.

ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ಹೇಳಿದ್ದು ಸ್ಪಷ್ಟವಾಗಿತ್ತು. "ಅವಸರ ಏನಿಲ್ಲ. ಮಾತ್ರೆ ತಗೊಳ್ಳಿ, ಬಿಸಿನೀರಲ್ಲಿ ಕೈ ಇಡಿ. ಇನ್ನು ನನ್ನ ಕೈಲಿ ಆಗಲ್ಲ ಅನ್ನಿಸಿದಾಗ ಬನ್ನಿ, ಆಪರೇಷನ್ ಮಾಡಿ ಆ ಕೀಲನ್ನ ಬಿಗಿದುಬಿಡ್ತೀನಿ. ನೋವು ಹೋಗುತ್ತೆ, ಹಿಡಿತ ಬರುತ್ತೆ. ಆದ್ರೆ ಬುಡದಲ್ಲಿ ಬೆರಳು ಮತ್ತೆ ಆಡಲ್ಲ. ಯಾವಾಗ ಅನ್ನೋದನ್ನ ನೀವೇ ಹೇಳಬೇಕು." ಮದುವೆಗೆ ಮುಹೂರ್ತ ಇಟ್ಟುಕೊಡಲು ಪುರೋಹಿತರಿದ್ದಾರೆ, ಆಪರೇಷನ್ನಿಗೆ ಇಟ್ಟುಕೊಡಬೇಕಾದವರು ನೀನೇ ಇಟ್ಟುಕೊಂಡು ಬಾ ಎನ್ನುತ್ತಿದ್ದಾರೆ.

ಕಾರ್ಖಾನೆಯಲ್ಲಿ ವಿಷಯ ತಿಳಿದ ಮೇಲೆ ಸಲಹೆಗೆ ಬರವಾಗಲಿಲ್ಲ. ಲೇತ್ ವಿಭಾಗದ ಮೇಸ್ತ್ರಿ ಗಂಗಣ್ಣ ನನ್ನ ಕೈಯನ್ನು ಹಿಡಿದು, ಹೆಬ್ಬೆರಳನ್ನು ಆಚೆ ಈಚೆ ಅಲ್ಲಾಡಿಸಿ, ನಾನು ಕೂಗಿಕೊಂಡ ಮೇಲೆ ಸಮಾಧಾನದಿಂದ ಬಿಟ್ಟ.

"ಬೇರಿಂಗ್ ಓಗೈತೆ ಸಾ. ಗೊತ್ತಾದ್ಮೇಲೂ ಮಿಸಿನ್ ಓಡಿಸ್ತಾರಾ ಯಾರಾದ್ರೂ?"

"ನಮ್ಮ ಯಜಮಾನರು ಓಡಿಸ್ತಾರಲ್ಲ ಗಂಗಣ್ಣ."

"ಅವ್ರ ಮಾತು ಬುಡಿ ಸಾ, ಅವ್ರದೇನು ಕೈಯಾ ಕಾಲಾ, ಮಿಸಿನ್ ತಾನೆ. ಆಯುಧಪೂಜೆ ಒತ್ಗೆ ಮಾಡಿಸ್ಕಳಿ. ಮಿಸಿನ್‌ಗೆಲ್ಲ ಕುಂಕುಮ ಇಡೋವಾಗ ಅಂಗೇ ನಿಮ್ಮ ಕೈಗೂ ಇಟ್ಬುಡ್ತೀವಿ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಆಯುಧಪೂಜೆ ಬಂದು ಹೋಯಿತು. ದೀಪಾವಳಿ ಕಳೆಯಲಿ ಎಂದೆ, ಆಮೇಲೆ ಚಳಿ ಕಳೆಯಲಿ ಎಂದೆ. ವನಜಳಿಗೆ ಇದು ಭಯ ಎಂದು ಖಾತ್ರಿಯಾಗಿತ್ತು. "ಭಯ ಇದ್ರೆ ಭಯ ಅಂತ ಹೇಳಿ. ಏನಕ್ಕೆ ಕಾಯ್ತಾ ಇದೀರಿ? ಆ ಬೆರಳನ್ನ ಆಡಿಸಿ ನಿಮಗಿನ್ನೇನು ಆಗ್ಬೇಕಾಗಿದೆ?" ಎಂದು ಒಂದು ದಿನ ಕೇಳಿಯೇಬಿಟ್ಟಳು. ನಾನು ಭಯ ಎಂದೇ ಒಪ್ಪಿಕೊಂಡೆ. ನಿಜ ಹೇಳುವುದಕ್ಕಿಂತ ಅದು ಸುಲಭವಾಗಿತ್ತು.

ನಿಜವೇನೆಂದರೆ, ಕೇರಂ. ನಮ್ಮ ಮದುವೆಯ ಹೊಸದರಲ್ಲಿ ವಿದ್ಯುತ್ತಿನ ಅಭಾವ ಬಂದು, ಕಾರ್ಖಾನೆಗಳಿಗೆ ವಾರಕ್ಕೊಂದು ದಿನ ಕರೆಂಟ್ ಕೊಡದೆ ರಜೆ ಮಾಡಿಸುತ್ತಿದ್ದರು. ನಮ್ಮ ಭಾಗದ ಪಾಲಿಗೆ ಬಂದದ್ದು ಗುರುವಾರ. ಊರೆಲ್ಲ ಭಾನುವಾರ ಹೆಂಡತಿಯನ್ನು ಲಾಲ್‌ಬಾಗಿಗೆ ಕರೆದುಕೊಂಡು ಹೋದರೆ ನಾನು ಭಾನುವಾರ ಮೈಕ್ರೋಮೀಟರ್ ಹಿಡಿದಿರುತ್ತಿದ್ದೆ. ಗುರುವಾರ ನನಗೆ ರಜೆ, ಜಗತ್ತಿಗೆ ಕೆಲಸ. ನೆಂಟರು ಬರುತ್ತಿರಲಿಲ್ಲ, ವಠಾರದ ಗಂಡಸರು ಯಾರೂ ಇರುತ್ತಿರಲಿಲ್ಲ. ತುಮಕೂರು ರಸ್ತೆಯ ಲಾರಿಗಳ ಸದ್ದೂ ಕಾರ್ಖಾನೆಗಳು ನಿಂತ ಆ ದಿನ ಎಲ್ಲೋ ದೂರದ್ದೆನ್ನಿಸುತ್ತಿತ್ತು. ಊಟವಾದ ಮೇಲೆ ವನಜ ನೆಲ ಒರೆಸಿ ಬೋರ್ಡು ಹಾಸುತ್ತಿದ್ದಳು. ಸಂಜೆ ಹಾಲಿನವನು ಬಾಗಿಲು ತಟ್ಟುವವರೆಗೂ ಆಡುತ್ತಿದ್ದೆವು. ಅವಳು ಸೋತರೆ ಕಾಫಿ ಮಾಡುತ್ತಿದ್ದಳು, ಗೆದ್ದರೂ ಅವಳೇ ಮಾಡುತ್ತಿದ್ದಳು, ಆದರೆ ಗೆದ್ದ ದಿನದ ಕಾಫಿಗೆ ಸ್ವಲ್ಪ ಹೆಚ್ಚು ಸೊಕ್ಕು ಇರುತ್ತಿತ್ತು. ಆಮೇಲೆ ಮಕ್ಕಳಾದವು, ಅವಳ ತಾಯಿ ಬಂದು ನಮ್ಮಲ್ಲೇ ಉಳಿದರು, ಬೋರ್ಡು ಅಲ್ಮೇರಾದ ಹಿಂದೆ ಸೇರಿತು. ಆಟವನ್ನು ಯಾರೂ ನಿಲ್ಲಿಸಲಿಲ್ಲ, ಅದು ನಿಂತಿತ್ತು ಅಷ್ಟೇ. ಗುರುವಾರದ ರಜೆ ಈಗಲೂ ಇದೆ. ಗುರುವಾರ ಮಾತ್ರ ಇಲ್ಲ.

ಆ ಮಧ್ಯಾಹ್ನಗಳಲ್ಲಿ ನನಗೆ ಸಂಶಯವೇ ಇಲ್ಲದೆ ನೆನಪಿದ್ದದ್ದು ಒಂದು ಹೊಡೆತ. ಗೆರೆಯ ಹಿಂದೆ, ಆಡುವವನ ಮಡಿಲ ಹತ್ತಿರ, ಯಾರಿಗೂ ಸಿಗದಂತೆ ಕೂತ ಕಾಯಿಯನ್ನು, ಸ್ಟ್ರೈಕರನ್ನು ಹೆಬ್ಬೆರಳಿನಿಂದ ಹಿಂದಕ್ಕೆ ಮೀಟಿ, ಮೂಲೆಯ ತೂತಿಗೆ ಇಳಿಸುವುದು. ಕೀಲು ಬಿಗಿದರೆ ಆ ಹೊಡೆತ ಹೋಗುತ್ತದೆ, ಅದರ ಜೊತೆಗೆ ಆ ಗುರುವಾರಗಳು ತಿರುಗಿ ಬರಬಹುದೆಂಬ ಆಸೆಯೂ ಹೋಗುತ್ತದೆ. ಹಲ್ಲುಪುಡಿಯ ಡಬ್ಬಿ ತೆರೆಯಲಾಗದ ಐವತ್ತು ದಾಟಿದ ಗಂಡಸು ಇದನ್ನು ಹೆಂಡತಿಯ ಮುಂದೆ ಹೇಗೆ ಹೇಳುವುದು?

ಹೇಳಲಿಲ್ಲ. ಒಂದು ಗುರುವಾರ, ಹುಳ ಬಿದ್ದಿದೆಯೋ ನೋಡೋಣ ಎಂಬ ನೆಪದಲ್ಲಿ ಬೋರ್ಡು ಹೊರಗೆಳೆದೆ. ವನಜ ಅಕ್ಕಿ ಆರಿಸುತ್ತಿದ್ದವಳು ನೋಡಿದಳು, ಹುಳದ ಬಗ್ಗೆ ಏನೂ ಕೇಳಲಿಲ್ಲ. ಮೊರ ಬದಿಗಿಟ್ಟು ಒಳಗೆ ಹೋಗಿ ಮುಖಕ್ಕೆ ಹಚ್ಚುವ ಪೌಡರ್ ತಂದು ಬೋರ್ಡಿನ ಮೇಲೆ ಚೆಲ್ಲಿದಳು. "ಕಾಯಿ ಎಲ್ಲ ಇದಾವೇನ್ರೀ?" ಎಂದಳು. ಕೆಲವು ಇರಲಿಲ್ಲ. ಅವುಗಳ ಜಾಗಕ್ಕೆ ಅಂಗಿಯ ಗುಂಡಿಗಳನ್ನು ಇಟ್ಟಳು, ಹೇಗೂ ಅವು ಅವಳ ಇಲಾಖೆ.

ತೋರುಬೆರಳಿನಲ್ಲಿ ಹೊಡೆದರೆ ನೋಯುತ್ತಿತ್ತು, ಆದರೆ ಆಡಬಹುದಿತ್ತು. ನಾಲ್ಕಾರು ಹೊಡೆತವಾದ ಮೇಲೆ ಒಂದು ಕರಿ ಕಾಯಿ ನನ್ನ ಗೆರೆಯ ಹಿಂದೆ ಬಂದು ಕೂತಿತು. ನಾನು ಉಸಿರು ಬಿಗಿಹಿಡಿದು ಹೆಬ್ಬೆರಳನ್ನು ಸ್ಟ್ರೈಕರ್ ಹಿಂದೆ ಇಟ್ಟೆ. ಹೀಗಿಟ್ಟೆ, ಹಾಗಿಟ್ಟೆ. ಉಳಿದ ಬೆರಳುಗಳನ್ನು ಎಲ್ಲಿಡಬೇಕೆಂದೇ ಕೈಗೆ ತಿಳಿಯಲಿಲ್ಲ.

"ನೋವಾ?" ಎಂದಳು ವನಜ.

"ನೋವಲ್ಲ. ಹೇಗೆ ಹೊಡೀತಿದ್ದೆ ಅನ್ನೋದೇ ಮರೆತುಹೋಗಿದೆ."

ಅವಳು ನನ್ನ ಮುಖ ನೋಡಿ ನಗಲು ಶುರುಮಾಡಿದಳು. "ನೀವು ಯಾವತ್ರೀ ಹೆಬ್ಬೆರಳಲ್ಲಿ ಆಡಿದ್ರಿ? ಕಾಯಿ ಹಿಂದೆ ಬಿತ್ತು ಅಂದ್ರೆ ಮುಖ ಊದಿಸ್ಕೊಂಡು ಕೂರ್ತಿದ್ರಿ. ಹೆಬ್ಬೆರಳು ನಂದು. ಸರೀರಿ ಆ ಕಡೆ." ಬಂದು ನನ್ನ ಪಕ್ಕ ಕೂತು, ಸೀರೆಯ ನೆರಿಗೆ ಒತ್ತಿಕೊಂಡು, ಬೆರಳು ಮಡಚಿ ಹೆಬ್ಬೆರಳಲ್ಲಿ ಮೀಟಿದಳು. ಕಾಯಿ ಹೋಯಿತು. ಅದರ ಹಿಂದೆಯೇ ಅವಳ ಬಳೆಗಳು ಮೊಣಕೈ ಕಡೆಗೆ ಸರಿದ ಸದ್ದಾಯಿತು, ಮತ್ತು ನನ್ನ ನೆನಪಿನ ಹೊಡೆತಕ್ಕೂ ಇದೇ ಸದ್ದಿದ್ದದ್ದು ಆಗ ಹೊಳೆಯಿತು. ಎದುರಿಗೆ ಕೂತು ಅಷ್ಟು ವರ್ಷ ನೋಡಿದ ಬೆರಳನ್ನು ನಾನು ಯಾವಾಗಲೋ ನನ್ನದೇ ಎಂದುಕೊಂಡಿದ್ದೆ. ಎಲ್ಲವನ್ನೂ ಎರಡು ಸಲ ಅಳೆಯುವವನು ಇದೊಂದನ್ನು ಒಂದು ಸಲವೂ ಅಳೆದಿರಲಿಲ್ಲ.

ಏನಕ್ಕೆ ಕಾಯುತ್ತಿದ್ದೆ ಎಂಬುದನ್ನು ಆಮೇಲೆ ಅವಳಿಗೆ ಹೇಳಿದೆ. ಅವಳು ನಗಲಿಲ್ಲ. ಬೋರ್ಡಿನ ಪೌಡರ್ ಮೇಲೆ ಬೆರಳಾಡಿಸುತ್ತಾ, "ಇಷ್ಟು ವರ್ಷ ಕೇಳೋಕೆ ಏನಾಗಿತ್ತು? ನಾನೇನು ಬೇರೆ ಊರಲ್ಲಿದ್ನಾ?" ಎಂದಳು.

ಮರುದಿನವೇ ಡಾಕ್ಟರಿಗೆ, ಇನ್ನು ಕಾಯುವುದಿಲ್ಲ, ಬಿಗಿದುಬಿಡಿ ಎಂದೆ. ಅವರು ಆಪರೇಷನ್ ಮಾಡುವುದು ಗುರುವಾರ ಮಾತ್ರವಂತೆ. ಈಗಷ್ಟೇ ಸಿಕ್ಕ ಗುರುವಾರವನ್ನು ಬಿಡಲು ಮನಸ್ಸಾಗದೆ, "ಮುಂದಿನ ತಿಂಗಳು ನೋಡೋಣ್ವಾ?" ಎಂದು ಬಾಯಿ ತೆರೆಯುವಷ್ಟರಲ್ಲಿ ವನಜ ನನ್ನ ಮೊಣಕಾಲು ತಿವಿದು, "ಈ ಗುರುವಾರವೇ ಬರ್ತೀವಿ ಡಾಕ್ಟ್ರೇ" ಎಂದಳು. ದಾರಿಯಲ್ಲಿ ಬಸ್ಸಿಗೆ ಕಾಯುವಾಗ ಸಮಾಧಾನವನ್ನೂ ಹೇಳಿದಳು. ಪ್ಲಾಸ್ಟರ್ ಬಿಚ್ಚುವವರೆಗೆ ನನ್ನ ಪಾಲಿನ ಆಟವನ್ನೂ ಅವಳೇ ಆಡುತ್ತಾಳಂತೆ, ನಾನು ಎದುರಿಗೆ ಕೂತು ನೋಡಿದರೆ ಸಾಕಂತೆ. ಆ ಆಟದಲ್ಲಿ ಸೋಲುವವನು ನಾನೇ ಎಂಬ ವಿಷಯದಲ್ಲಿ ಮಾತ್ರ ನನಗೆ ಯಾವ ಸಂಶಯವೂ ಇಲ್ಲ.